ಕೆರೆ ಸಂಶೋಧನೆಯ ಲ್ಯಾಬ್‌ಗೆ ಅರ್ಜಿ: ಕಿವಿ ಮಂದ ಎಂಬುದನ್ನು ಪತ್ರದಲ್ಲಿ ಮೊದಲೇ ಬರೆಯಬೇಕೇ?

ಹಳ್ಳದ ದಾರಿ:

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಎರಡನೆಯ ಪ್ರಯತ್ನದಲ್ಲಿ ನೆಟ್ ಅರ್ಹತಾ ಪರೀಕ್ಷೆಯ ಜೊತೆಗೆ ಜೆಆರ್‌ಎಫ್ ಎಂಬ ಸಂಶೋಧನಾ ವೇತನವನ್ನೂ ಪಡೆದಿದ್ದೇನೆ. ಈಗ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಕೆರೆಗಳ ನೀರಿನ ಮೇಲೆ ಕೆಲಸ ಮಾಡುವ ಲ್ಯಾಬ್‌ಗೆ ಪಿಎಚ್.ಡಿ.ಗಾಗಿ ಅರ್ಜಿ ಹಾಕುತ್ತಿದ್ದೇನೆ. ಅವರ ಪ್ರಕಟಣೆಯಲ್ಲಿ ಎಲ್ಲ ಹಿನ್ನೆಲೆಯವರಿಗೂ ಸ್ವಾಗತವಿದೆ ಎಂದು ಬರೆದಿರುವುದಲ್ಲದೆ, ಅಂಕಪಟ್ಟಿಗಳ ಜೊತೆಗೆ ಒಂದು ಪುಟದ ಪತ್ರವನ್ನೂ ಕೇಳಿದ್ದಾರೆ. ನೀವು ಯಾರು, ನೀವು ಚೆನ್ನಾಗಿ ಕೆಲಸ ಮಾಡಬೇಕಾದರೆ ಲ್ಯಾಬ್ ನಿಮಗೆ ಏನು ಮಾಡಿಕೊಡಬೇಕು ಎಂಬುದನ್ನು ಅದರಲ್ಲಿ ಬರೆಯಬೇಕಂತೆ.

ನನಗೆ ಎರಡೂ ಕಿವಿ ಮಂದ. ಒಂಬತ್ತನೆಯ ವಯಸ್ಸಿನಿಂದ ಕಿವಿಗೆ ಮಷಿನ್ ಹಾಕುತ್ತಿದ್ದೇನೆ. ಎದುರು ಕುಳಿತು ಒಬ್ಬರೇ ಮಾತನಾಡಿದರೆ ಬಹುತೇಕ ಅರ್ಥವಾಗುತ್ತದೆ, ತುಟಿ ಕಾಣಿಸಿದರೆ ಇನ್ನೂ ಚೆನ್ನ. ಆದರೆ ಹತ್ತು ಜನ ಮೇಜಿನ ಸುತ್ತ ಕುಳಿತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತನಾಡಿದರೆ ಅರ್ಧ ನನ್ನ ಕೈಬಿಟ್ಟು ಹೋಗುತ್ತದೆ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮಾಸ್ಕ್ ಹಾಕಿಕೊಂಡಿದ್ದರು. ಅವರು ಫಾಸ್ಫೇಟ್ ಬಗ್ಗೆ ಕೇಳಿದರೆ ನಾನು ಸಲ್ಫೇಟ್ ಬಗ್ಗೆ ಐದು ನಿಮಿಷ ಉತ್ತರಿಸಿದ್ದೆ.

ಮೊದಲು ಸೀಟು ಸಿಗಲಿ, ಆಮೇಲೆ ಹೇಳಿದರಾಯಿತು ಎಂದು ಅಮ್ಮ ಹೇಳುತ್ತಾಳೆ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳಬೇಡ ಎಂದು ಗೆಳತಿ ಹೇಳುತ್ತಾಳೆ. ಅವರು ಕೇಳಿರುವ ಪ್ರಶ್ನೆಗೆ ನಿಜವಾದ ಉತ್ತರ ಬರೆಯಲೇ, ಬೇಡವೇ? ಕೊನೆಯ ದಿನಾಂಕಕ್ಕೆ ಇನ್ನು ಹತ್ತು ದಿನಗಳಿವೆ.

ನೇರ ಮಾತು:

ನಿಮ್ಮ ಗೆಳತಿ ಬುದ್ಧಿವಂತೆ. ಎಲ್ಲರಿಗೂ ಸ್ವಾಗತ ಎಂಬ ಸಾಲನ್ನು ಈಗ ಎಲ್ಲ ಲ್ಯಾಬ್‌ಗಳ ಪುಟದಲ್ಲಿಯೂ ಅಂಟಿಸುತ್ತಾರೆ, ಅಂಗಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವಂತೆ. ಗೈಡ್ ಕಳೆದ ಐದು ವರ್ಷಗಳಲ್ಲಿ ಏನು ಪ್ರಕಟಿಸಿದ್ದಾರೆ, ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಪ್ರಬಂಧ ಸಲ್ಲಿಸಿದ್ದಾರೆ, ಅವರು ಈಗ ಎಲ್ಲಿದ್ದಾರೆ ಎಂಬುದನ್ನು ನೋಡಿ. ಪತ್ರದಲ್ಲಿ ನಿಮ್ಮ ಎಂ.ಎಸ್ಸಿ. ಯೋಜನೆಯ ಬಗ್ಗೆ ಬರೆದು ಕೈತೊಳೆದುಕೊಳ್ಳಿ.

ಬ್ಯುರೆಟ್:

ನೇರ ಮಾತು ಅವರ ಸಲಹೆಯನ್ನು ಪಾಲಿಸಿ ಕೆಟ್ಟವನು ನಾನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನಗೆ ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಲ್ಯಾಬ್ ಸೇರುವಾಗ ಯಾರಿಗೂ ಹೇಳಲಿಲ್ಲ. ಮೊದಲ ವರ್ಷವೇ ವೃಷಭಾವತಿ ನದಿಯ ನೀರಿನ ಸಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ, ಅಳೆಯುವ ಕೆಲಸ ಬಂತು. ಸ್ಯಾಂಪಲ್ಲನ್ನು ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲದೊಂದಿಗೆ 150 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಉಳಿದ ಡೈಕ್ರೋಮೇಟನ್ನು ಫೆರಸ್ ಅಮೋನಿಯಂ ಸಲ್ಫೇಟ್‌ನಿಂದ ಟೈಟ್ರೇಟ್ ಮಾಡಬೇಕು, ಅಂದರೆ ಹನಿ ಹನಿಯಾಗಿ ಸೇರಿಸಿ ಅಳೆಯಬೇಕು. ಬಣ್ಣದಿಂದ ಸೂಚನೆ ಕೊಡುವ ಫೆರೋಯಿನ್ ಹಾಕಿದಾಗ ನೀಲಿ ಹಸಿರು ಹೋಗಿ ಕೆಂಪು ಕಂದು ಬಂದ ಕ್ಷಣವೇ ಕೊನೆಯ ಬಿಂದು. ಉಳಿದವರಿಗೆ ಒಂದು ಹನಿಯಲ್ಲಿ ಕಾಣುವ ಆ ಬದಲಾವಣೆ ನನಗೆ ಮೂರು ನಾಲ್ಕು ಹನಿ ದಾಟಿದ ಮೇಲೂ ಅನುಮಾನವಾಗಿಯೇ ಇರುತ್ತಿತ್ತು. ಪಕ್ಕದವರ ಮುಖ ನೋಡಿ, ನಲ್ಲಿ ತಿರುಗಿಸಿ, ಅಂದಾಜಿನಲ್ಲಿ ಓದು (ರೀಡಿಂಗ್) ಬರೆದುಕೊಳ್ಳುತ್ತಿದ್ದೆ. ಒಂದೇ ನೀರಿನ ಮೂರು ಪ್ರತಿಗಳಿಗೆ ಮೂರು ಉತ್ತರ ಬಂದಾಗ ಗೈಡ್ ನನ್ನನ್ನು ಸೋಮಾರಿ ಎಂದುಕೊಂಡರು. ಏಳು ತಿಂಗಳ ನಂತರ ನಿಜ ಹೇಳಿದೆ. ಅವರು ಬೈಯಲಿಲ್ಲ, ಮರುದಿನವೇ ಮುಚ್ಚಿದ ಟ್ಯೂಬಿನ ವಿಧಾನಕ್ಕೆ ಬದಲಾಯಿಸಿಕೊಟ್ಟರು. ಅದರಲ್ಲಿ ಸ್ಪೆಕ್ಟ್ರೋಫೋಟೋಮೀಟರ್ 600 ನ್ಯಾನೋಮೀಟರ್‌ನಲ್ಲಿ ಬಣ್ಣ ಓದುತ್ತದೆ, ನನ್ನ ಕಣ್ಣಿಗೆ ಕೆಲಸವೇ ಇಲ್ಲ. ಆ ಉಪಕರಣ ನಾನು ಸೇರಿದ ದಿನದಿಂದಲೂ ಅದೇ ಕೋಣೆಯಲ್ಲಿತ್ತು. ಏಳು ತಿಂಗಳ ಸ್ಯಾಂಪಲ್‌ಗಳು ಮಾತ್ರ ಚರಂಡಿಗೆ ಹೋದವು. ಚರಂಡಿ ಎಂದದ್ದು ಬರೀ ಮಾತಿಗೆ, ಸಿಒಡಿ ತ್ಯಾಜ್ಯದಲ್ಲಿ ಪಾದರಸವೂ ಕ್ರೋಮಿಯಮ್ಮೂ ಇರುವುದರಿಂದ ನಿಜವಾಗಿ ಹೋದದ್ದು ಅಪಾಯಕಾರಿ ತ್ಯಾಜ್ಯದ ಡಬ್ಬಕ್ಕೆ.

ಗಾಜಿನ ಕೆಲಸ:

ಡಬ್ಬಕ್ಕೆ ಹಾಕಿದ್ದೀರಲ್ಲ, ಸಂತೋಷ. ಎಲ್ಲರೂ ಹಾಕುವುದಿಲ್ಲ ಎಂಬುದು ತೊಳೆಯುವ ನಮಗೆ ಗೊತ್ತು.

ಮೂರನೇ ಮಹಡಿ:

ಕಾನೂನಿನ ಭಾಗವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಿ, ಏಕೆಂದರೆ ಪತ್ರ ಬೇರೆ, ಹಕ್ಕು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, ಅದಕ್ಕೂ ಹೆಚ್ಚಿದ್ದರೆ ಕಿವುಡು. ಪ್ರಮಾಣಪತ್ರದಲ್ಲಿ 40 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ 5 ಪ್ರತಿಶತ ಸೀಟುಗಳ ಮೀಸಲಾತಿಯ ವ್ಯಾಪ್ತಿಗೆ ನೀವು ಬರುತ್ತೀರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್.ಡಿ. ನಿಯಮಗಳಲ್ಲಿ ಸ್ನಾತಕೋತ್ತರ ಅಂಕಗಳಿಗೆ 5 ಪ್ರತಿಶತ ರಿಯಾಯಿತಿ ಇದೆ. ಪ್ರಬಂಧ ಸಲ್ಲಿಸಲು ಮಹಿಳೆಯರಿಗೂ, 40 ಪ್ರತಿಶತಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಎರಡು ವರ್ಷಗಳ ಹೆಚ್ಚುವರಿ ಅವಕಾಶವಿದೆ. ಮೀಸಲಾತಿ ಅಥವಾ ಅಂಕಗಳ ರಿಯಾಯಿತಿ ಬಳಸಿಕೊಂಡರೆ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಅರ್ಜಿಯ ಜೊತೆಗೇ ಹೋಗುತ್ತದೆ. ಆಗ ಪತ್ರದಲ್ಲಿ ಮುಚ್ಚಿಟ್ಟು ಏನು ಪ್ರಯೋಜನ?

ನೇರ ಮಾತು:

ಈ ಮೀಸಲಾತಿ ಎಲ್ಲ ಖಾಸಗಿ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ ಎಂಬ ಭ್ರಮೆ ಹುಟ್ಟಿಸಬೇಡಿ.

ಮೂರನೇ ಮಹಡಿ:

ನಾನು ಹಾಗೆ ಬರೆದಿಲ್ಲವಾದರೂ ನಿಮ್ಮ ತಿದ್ದುಪಡಿ ಸರಿಯಾಗಿದೆ. ಸರ್ಕಾರಿ ಸಂಸ್ಥೆಗಳಿಗೆ ಮತ್ತು ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಆದರೆ ಕಾರ್ಡು ಕಚೇರಿಯ ಕಡತದಲ್ಲಿ ಕುಳಿತಿರುತ್ತದೆ, ಲ್ಯಾಬಿನ ಮೇಜಿಗೆ ಬರುವುದಿಲ್ಲ. ನಮ್ಮಲ್ಲಿ ಒಬ್ಬ ಹುಡುಗನ ಕಾರ್ಡು ಪ್ರವೇಶ ವಿಭಾಗದಲ್ಲಿ ಎರಡು ವರ್ಷ ಇದ್ದರೂ ಅವನ ಗೈಡ್‌ಗೆ ವಿಷಯವೇ ಗೊತ್ತಿರಲಿಲ್ಲ.

ನಸುಕಿನ ಸ್ಯಾಂಪಲ್:

ಪ್ರಶ್ನೆ ಕಿವಿಯದ್ದೇ ಆದರೂ ನಾನು ಅದನ್ನು ಇನ್ನೊಂದು ಕಡೆಯಿಂದ ನೋಡುತ್ತೇನೆ. ತಂಗಿ, ಲ್ಯಾಬ್ ನಿಮ್ಮನ್ನು ಫೀಲ್ಡಿಗೆ ಹೇಗೆ ಕಳುಹಿಸುತ್ತದೆ ಎಂಬುದನ್ನು ವಿಚಾರಿಸಿ. ಕೊಳಚೆ ಸೇರುವ ಕೆರೆಯಲ್ಲಿ ಪಾಚಿ ಹೆಚ್ಚಿರುತ್ತದೆ. ಹಗಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಪಾಚಿಯೂ ಬ್ಯಾಕ್ಟೀರಿಯಾಗಳೂ ಅದನ್ನೇ ಉಸಿರಾಡುತ್ತವೆ, ಬೆಳಗಾಗುವ ಮುಂಚೆ ಕರಗಿದ ಆಮ್ಲಜನಕ ತಳ ಮುಟ್ಟುತ್ತದೆ. ಮೀನು ಸಾಯುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಮಧ್ಯಾಹ್ನ ಹನ್ನೆರಡಕ್ಕೆ ಅಳೆದರೆ ಕೆರೆ ಆರೋಗ್ಯವಾಗಿರುವಂತೆ ಕಾಣುತ್ತದೆ. ಅಂದರೆ ಈ ವಿಷಯದಲ್ಲಿ ನಸುಕಿನ ಐದು ಗಂಟೆಯ ಓದು ಇಲ್ಲದ ಪ್ರಬಂಧ ಅರ್ಧ ಪ್ರಬಂಧ.

ನಾನಿದ್ದ ಲ್ಯಾಬಿನಲ್ಲಿ ಹುಡುಗಿಯರನ್ನು ಆ ಹೊತ್ತಿನಲ್ಲಿ ಕಳುಹಿಸುವುದಿಲ್ಲ ಎಂಬ ನಿಯಮವಿತ್ತು. ನಮ್ಮ ಕಾಳಜಿಗಾಗಿ ಮಾಡಿದ ನಿಯಮ ಎಂದು ಹೇಳುತ್ತಿದ್ದರು. ಪರಿಣಾಮವೇನೆಂದರೆ ನಸುಕಿನ ಓದುಗಳೆಲ್ಲ ಹುಡುಗರ ಹೆಸರಿಗೆ ಹೋದವು, ನನ್ನ ಕೋಷ್ಟಕದಲ್ಲಿ ಆ ಕಾಲಂ ಖಾಲಿ ಉಳಿಯಿತು, ಕೊನೆಗೆ ಪರೀಕ್ಷಕರು ಅದನ್ನೇ ಕೇಳಿದರು. ಒಂದು ಬಾಡಿಗೆ ವಾಹನ, ಜೊತೆಗೆ ಇನ್ನೊಬ್ಬರು, ಕೆರೆಯ ಕಾವಲುಗಾರರಿಗೆ ಹಿಂದಿನ ದಿನ ಒಂದು ಮಾತು, ಇಷ್ಟಿದ್ದರೆ ಸಾಕಿತ್ತು. ಅದೂ ಬೇಡವೆಂದರೆ ನೀರಿನಲ್ಲಿ ಬಿಟ್ಟು ಬರುವ, ತಾನೇ ಓದು ದಾಖಲಿಸುವ ಪ್ರೋಬ್‌ಗಳಿವೆ. ಶೌಚಾಲಯದ ವಿಷಯ ಬೇರೆಯೇ ಇದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೆರೆಯ ಏರಿಯ ಮೇಲೆ ನಿಲ್ಲುವ ದಿನ ನಾವು ನೀರು ಕುಡಿಯುತ್ತಿರಲಿಲ್ಲ ಎಂದರೆ ಹೆಂಗಸರಿಗೆ ಅರ್ಥವಾಗುತ್ತದೆ. ನೀರಿನ ಮೇಲೆ ಸಂಶೋಧನೆ ಮಾಡುವವರ ಪಾಡು ಇದು.

ಜೆಪಿ ನಗರ ಆರನೇ ಹಂತ:

ನೀರು ಕುಡಿಯದೆ ಇರುವುದು ನಮ್ಮ ಲ್ಯಾಬಿನಲ್ಲಿ ಇವತ್ತಿಗೂ ನಡೆಯುತ್ತಿದೆ.

ನೇರ ಮಾತು:

ನಸುಕಿನ ಸ್ಯಾಂಪಲ್ ಅವರೇ, ನಿಮ್ಮ ಅನುಭವ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ನೀವು ಹೆಣ್ಣು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದರಿಂದಲೇ ಕೆಲಸ ಕಡಿಮೆ ಮಾಡಿದರು. ಈ ಹುಡುಗಿಯ ಕಿವಿಯ ವಿಷಯ ಗೊತ್ತಾದರೆ ಫೀಲ್ಡಿನಲ್ಲಿ ಹಾರ್ನ್ ಕೇಳಿಸುವುದಿಲ್ಲ, ಅಪಾಯ ಎಂದು ಕೂರಿಸಿ, ಐದು ವರ್ಷ ಎಕ್ಸೆಲ್ ತುಂಬಿಸುತ್ತಾರೆ. ಕಾಳಜಿ ಎಂಬುದು ಬೇಲಿಯೂ ಆಗುತ್ತದೆ.

ನಸುಕಿನ ಸ್ಯಾಂಪಲ್:

ಈ ಒಂದು ಮಾತನ್ನು ಒಪ್ಪುತ್ತೇನೆ. ಆದ್ದರಿಂದಲೇ ಪತ್ರದಲ್ಲಿ ಕೊರತೆಯ ಜೊತೆಗೆ ತಾನು ಮಾಡಲೇಬೇಕೆಂದಿರುವ ಕೆಲಸವನ್ನೂ ಬರೆಯಬೇಕು ಎನ್ನುತ್ತೇನೆ.

ಸಭೆ ನಾಲ್ಕು ಗಂಟೆಗೆ:

ನಾನು ಇದೇ ಊರಿನಲ್ಲಿ ಒಂದು ಸಣ್ಣ ಲ್ಯಾಬ್ ನಡೆಸುತ್ತೇನೆ, ಇವರು ಅರ್ಜಿ ಹಾಕುತ್ತಿರುವ ಲ್ಯಾಬ್ ಅಲ್ಲ. ಮೇಜಿನ ಆ ಕಡೆ ಕುಳಿತವರು ಇಂಥ ಪತ್ರವನ್ನು ಹೇಗೆ ಓದುತ್ತಾರೆ ಎಂಬುದನ್ನು ಹೇಳಿದರೆ ಉಪಯೋಗವಾಗಬಹುದು.

ಸಹ ಪ್ರಾಧ್ಯಾಪಕರಾದ ನನಗೆ ಯುಜಿಸಿ ನಿಯಮ ಕೊಡುವುದು ಒಟ್ಟು ಆರು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಮಾತ್ರ. ಒಬ್ಬರು ಮಧ್ಯದಲ್ಲಿ ಬಿಟ್ಟು ಹೋದರೆ ಅವರಿಗೂ ನಷ್ಟ, ನನಗೂ ನಷ್ಟ. ಆದ್ದರಿಂದ ಪತ್ರ ಓದುವಾಗ ಕಷ್ಟದ ಕಥೆಯನ್ನು ಹುಡುಕುವುದಿಲ್ಲ, ಕೆಲಸ ಎಲ್ಲಿ ಸಿಕ್ಕಿಕೊಳ್ಳಬಹುದು ಎಂಬುದು ಅಭ್ಯರ್ಥಿಗೆ ಗೊತ್ತಿದೆಯೇ ಎಂದು ನೋಡುತ್ತೇನೆ. ಬಾಲ್ಯದಿಂದ ಎಷ್ಟು ನೊಂದಿದ್ದೇನೆ ಎಂದು ಒಂದು ಪುಟ ಬರೆದವರ ಬಗ್ಗೆ ಮರುಕ ಹುಟ್ಟಬಹುದು, ಆದರೆ ನಾಳೆ ಬೆಳಿಗ್ಗೆ ನಾನು ಏನು ಮಾಡಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ. ಗುಂಪು ಸಭೆಯಲ್ಲಿ ಒಬ್ಬೊಬ್ಬರಾಗಿ ಮಾತನಾಡಬೇಕು, ಟಿಪ್ಪಣಿ ಬರಹದಲ್ಲಿ ಸಿಗಬೇಕು, ರಾಸಾಯನಿಕಗಳ ಹೊಗೆ ಹೊರಹಾಕುವ ಫ್ಯೂಮ್ ಹುಡ್‌ನ ಫ್ಯಾನ್ ಓಡುವಾಗ ಬೆನ್ನ ಹಿಂದಿನಿಂದ ಸೂಚನೆ ಕೊಟ್ಟರೆ ನನಗೆ ಕೇಳಿಸುವುದಿಲ್ಲ, ಬೆಂಕಿಯ ಎಚ್ಚರಿಕೆಗೆ ದೀಪವೂ ಬೇಕು ಎಂದು ಬರೆದರೆ ನನಗೆ ನಾಲ್ಕು ಕೆಲಸಗಳು ಸಿಕ್ಕವು. ನಾಲ್ಕರಲ್ಲಿ ಮೂರಕ್ಕೆ ದುಡ್ಡೇ ಬೇಡ.

ನನ್ನ ತಪ್ಪನ್ನೂ ಹೇಳುತ್ತೇನೆ. ಮೊದಲ ಮೂರು ವರ್ಷ ನಮ್ಮ ವಾರದ ಸಭೆ ಸಂಜೆ ಆರು ಗಂಟೆಗಿತ್ತು. ದೊಡ್ಡಬಳ್ಳಾಪುರದ ಕಡೆಯಿಂದ ಓಡಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಸಭೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದಳು. ಆಸಕ್ತಿಯಿಲ್ಲ ಎಂದುಕೊಂಡೆ. ಏಳೂಕಾಲರ ಬಸ್ಸು ತಪ್ಪಿದರೆ ಅವಳು ಮನೆ ಸೇರುವುದು ಹತ್ತು ಗಂಟೆಗೆ ಎಂಬುದನ್ನು ಅವಳಲ್ಲ, ಬೇರೊಬ್ಬರು ಹೇಳಿದರು. ಅಂದಿನಿಂದ ಸಭೆ ನಾಲ್ಕಕ್ಕೆ. ಎಲ್ಲರಿಗೂ ಸ್ವಾಗತ ಎಂಬ ಸಾಲು ಆಗಲೂ ನಮ್ಮ ಪುಟದಲ್ಲಿತ್ತು.

ನೀವೂ ಅವರಿಗೆ ಪ್ರಶ್ನೆ ಕೇಳಿ. ಈಗಿರುವ ವಿದ್ಯಾರ್ಥಿಗಳೊಡನೆ ಗೈಡ್ ಇಲ್ಲದಿರುವಾಗ ಮಾತನಾಡಲು ಅವಕಾಶ ಕೊಡಿ ಎನ್ನಿ. ಕೊಡದಿದ್ದರೆ ಅದೇ ಉತ್ತರ. ಸಾಧ್ಯವಾದರೆ ಬಿಟ್ಟುಹೋದವರನ್ನು ಹುಡುಕಿ ಮಾತನಾಡಿಸಿ, ಉಳಿದವರು ಹೇಳದ್ದನ್ನು ಅವರು ಹೇಳುತ್ತಾರೆ.

ಅಕ್ನಾಲೆಜ್‌ಮೆಂಟ್:

ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ನೀವು ಕನ್ನಡ ಮಾಧ್ಯಮದವರು ಎಂದಿದ್ದೀರಿ, ಅದು ಬೆಂಗಳೂರಿನ ಲ್ಯಾಬಿನಲ್ಲಿ ವಿಚಿತ್ರ ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಸಭೆ ಇಂಗ್ಲಿಷಿನಲ್ಲಿ, ಊಟದ ಮಾತು ಹಿಂದಿಯಲ್ಲಿ, ಎರಡರಲ್ಲಿಯೂ ನಾನು ಮೂಲೆಯಲ್ಲಿರುತ್ತಿದ್ದೆ. ಆದರೆ ಕೋಲಾರದ ಕೆರೆಗಳಿಗೆ ಹೊರಟ ದಿನ ನಾನೇ ಮುಂದಿನ ಸೀಟಿನಲ್ಲಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಬೋರ್‌ವೆಲ್ ನೀರಿನ ಬಣ್ಣ, ಬೆಳೆ, ದನಗಳು ಕುಡಿಯುತ್ತವೆಯೇ ಇಲ್ಲವೇ ಎಂದು ರೈತರನ್ನು ಕೇಳುವ ಸಮೀಕ್ಷೆ ಅದು. ಇಂಗ್ಲಿಷಿನಲ್ಲಿ ಬರೆದ ಪ್ರಶ್ನಾವಳಿಯನ್ನು ಹಾಗೆಯೇ ತಿರುಗಿಸಿದರೆ ರೈತರು ನಗುತ್ತಿದ್ದರು. ನೀರಿನ ಗುಣಮಟ್ಟದ ಬಗ್ಗೆ ನಿಮ್ಮ ಗ್ರಹಿಕೆಯೇನು ಎಂದು ಯಾರಾದರೂ ಗದ್ದೆಯಲ್ಲಿ ಕೇಳುತ್ತಾರೆಯೇ? ಅರ್ಧ ಪ್ರಶ್ನೆಗಳನ್ನು ನಾನು ಅಲ್ಲಿಯೇ ಹೊಸದಾಗಿ ಕಟ್ಟಿದೆ. ಪ್ರಬಂಧ ಪ್ರಕಟವಾದಾಗ ಐದು ಲೇಖಕರ ಹೆಸರಿತ್ತು, ನನ್ನದು ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ, ವಾಹನ ಚಾಲಕರ ಹೆಸರಿನ ಪಕ್ಕದಲ್ಲಿತ್ತು. ಚಾಲಕರ ಪಕ್ಕ ಕುಳಿತದ್ದಕ್ಕೆ ನನಗೆ ಬೇಸರವಿಲ್ಲ, ಅವರು ಒಳ್ಳೆಯವರು.

ಲೇಖಕರ ಪಟ್ಟಿಯನ್ನು ಯಾವಾಗ, ಹೇಗೆ ನಿರ್ಧರಿಸುತ್ತೀರಿ ಎಂದು ಸಂದರ್ಶನದಲ್ಲಿಯೇ ಕೇಳಿ.

ಗಾಜಿನ ಕೆಲಸ:

ಚಾಲಕರ ಹೆಸರಾದರೂ ಬಂತಲ್ಲ. ನಾನು 22 ವರ್ಷಗಳಿಂದ ಲ್ಯಾಬ್ ಅಟೆಂಡರ್ ಆಗಿದ್ದೇನೆ. ಫಾಸ್ಫೇಟ್ ಅಳೆಯುವ ಗಾಜನ್ನು ಸಾಬೂನಿನಲ್ಲಿ ತೊಳೆದರೆ ಓದು ಕೆಡುತ್ತದೆ, ಆಮ್ಲದಲ್ಲಿಯೇ ನೆನೆಸಬೇಕು ಎಂದು ಎಷ್ಟು ಜನ ಸಂಶೋಧಕರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಗುಂಪಿನ ಫೋಟೊ ತೆಗೆಯುವಾಗ ಮಾತ್ರ ಕ್ಯಾಮೆರಾ ನನ್ನ ಕೈಗೆ ಬರುತ್ತದೆ. ಮಗಳೇ, ನೀನು ಲ್ಯಾಬ್ ನೋಡಲು ಹೋದಾಗ ಅಲ್ಲಿನ ಅಟೆಂಡರ್ ಜೊತೆ ಎರಡು ನಿಮಿಷ ಮಾತನಾಡು. ಆ ಗೈಡ್ ಎಂಥವರು ಎಂಬುದು ಅವರ ಮುಖದಲ್ಲೇ ಗೊತ್ತಾಗುತ್ತದೆ.

ಐದು ತಿಂಗಳ ಬಾಕಿ:

ಯಾರೂ ದುಡ್ಡಿನ ಮಾತು ಎತ್ತಲಿಲ್ಲ. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಕಾಗದದಲ್ಲಿ ಚೆನ್ನಾಗಿದೆ. ನನಗೆ ಮೊದಲ ಕಂತು ಬಂದದ್ದು ಸೇರಿದ ಐದು ತಿಂಗಳ ನಂತರ, ಒಟ್ಟಿಗೆ. ಅಷ್ಟು ದಿನ ಪಿ.ಜಿ. ಬಾಡಿಗೆಯನ್ನು ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕಟ್ಟಿದರು. ಮನೆಯಲ್ಲಿ ಉಳಿತಾಯ ಇರುವವರಿಗೆ ಅದು ಬರೀ ಕಿರಿಕಿರಿ, ನಮ್ಮಂಥವರಿಗೆ ಬಿಟ್ಟು ಹೋಗುವ ಕಾರಣ. ಫೀಲ್ಡಿನ ಖರ್ಚನ್ನು ಮೊದಲೇ ಕೊಡುತ್ತಾರೆಯೇ, ಅಥವಾ ನಾವು ಕೈಯಿಂದ ಹಾಕಿ ಬಿಲ್ಲು ಹಿಡಿದು ಓಡಾಡಬೇಕೇ ಎಂದೂ ವಿಚಾರಿಸಿ.

ಬ್ಯುರೆಟ್:

ಬಿಲ್ಲಿನ ವಿಷಯ ನೂರಕ್ಕೆ ನೂರು ನಿಜ. ಐಸ್ ಬಾಕ್ಸಿಗೆ ಮಂಜುಗಡ್ಡೆ ಕೊಂಡರೆ ಮೀನಿನ ಅಂಗಡಿಯವರು ಜಿಎಸ್‌ಟಿ ಬಿಲ್ಲು ಎಲ್ಲಿಂದ ಕೊಡಬೇಕು?

ಎರಡನೇ ಕೂಸು:

ಹೇಳಬೇಕೇ ಬೇಡವೇ ಎಂಬ ಪ್ರಶ್ನೆ ನನಗೂ ಬಂದಿತ್ತು, ಬೇರೆ ಕಾರಣಕ್ಕೆ. ಗರ್ಭಿಣಿಯಾದ ಎರಡನೆಯ ತಿಂಗಳಿನಲ್ಲಿ, ಮೂರು ತಿಂಗಳು ಕಳೆಯುವವರೆಗೆ ಯಾರಿಗೂ ಹೇಳಬಾರದು ಎಂಬ ಮನೆಯ ಪದ್ಧತಿಯ ಪ್ರಕಾರ ಸುಮ್ಮನಿದ್ದೆ. ಆ ದಿನಗಳಲ್ಲಿಯೇ ನನ್ನ ಸರದಿ ಮರ್ಕ್ಯುರಿಕ್ ಸಲ್ಫೇಟ್ ತೂಗುವುದಿತ್ತು, ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನಕ್ಕೆ ಸೋಡಿಯಂ ಅಜೈಡ್ ಕಲಸುವುದಿತ್ತು, ಎರಡೂ ವಿಷ. ತಲೆನೋವು ಎಂದು ಎರಡು ಸಲ ತಪ್ಪಿಸಿಕೊಂಡೆ. ಮೂರನೆಯ ಸಲ ಹಿರಿಯ ಸಂಶೋಧಕಿಗೆ ಮಾತ್ರ ಹೇಳಿದೆ. ಅವರು ಯಾರಿಗೂ ಕಾರಣ ಹೇಳದೆ ಸರದಿಯ ಪಟ್ಟಿಯನ್ನು ತಿದ್ದಿ, ನನಗೆ ನಕ್ಷೆಯ ಕೆಲಸ ಕೊಟ್ಟರು. ನಿಯಮದಲ್ಲಿರುವ 240 ದಿನಗಳ ರಜೆಯ ಬಗ್ಗೆ ಆಮೇಲೆ ಕಚೇರಿಯೊಂದಿಗೆ ಜಗಳವಾಡಿದ್ದೂ ಅವರೇ. ಎಲ್ಲರಿಗೂ ಹೇಳುವುದು, ಯಾರಿಗೂ ಹೇಳದಿರುವುದು, ಈ ಎರಡರ ನಡುವೆ ಒಬ್ಬರಿಗೆ ಹೇಳುವುದು ಎಂಬ ದಾರಿಯೂ ಇದೆ.

ಹಳ್ಳದ ದಾರಿ:

ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ನೀರು ಕುಡಿಯದೆ ಇರುವ ವಿಷಯ ಕೇಳಿ ಅವಳು ನನ್ನನ್ನು ಕಳುಹಿಸುವುದೇ ಇಲ್ಲ ಎಂದು ಕುಳಿತಿದ್ದಾಳೆ, ಅದು ಬೇರೆ ಮಾತು. ಪತ್ರದ ಮಧ್ಯದ ಭಾಗವನ್ನು ಹೀಗೆ ಬರೆದಿದ್ದೇನೆ, ತಿದ್ದಿಕೊಡಿ.

"ನನಗೆ ಎರಡೂ ಕಿವಿಗಳಲ್ಲಿ ಶ್ರವಣ ನಷ್ಟವಿದ್ದು ಸಾಧನ ಬಳಸುತ್ತೇನೆ. ಎದುರಿಗಿರುವ ಒಬ್ಬರ ಮಾತು ಅರ್ಥವಾಗುತ್ತದೆ. ಗುಂಪು ಸಭೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತನಾಡುವುದು ಮತ್ತು ಮುಖ್ಯ ಅಂಶಗಳು ಬರಹದಲ್ಲಿ ಸಿಗುವುದು ನನಗೆ ಅಗತ್ಯ. ಎಂ.ಎಸ್ಸಿ. ಯೋಜನೆಗಾಗಿ ನಮ್ಮ ಊರಿನ ಕೆರೆಯಲ್ಲಿ ಹದಿನಾಲ್ಕು ವಾರ ನಾನೇ ಸ್ಯಾಂಪಲ್ ತೆಗೆದಿದ್ದೇನೆ. ಫೀಲ್ಡ್ ಕೆಲಸ ಮಾಡಲೆಂದೇ ಈ ಲ್ಯಾಬ್‌ಗೆ ಬರಲು ಬಯಸುತ್ತೇನೆ. ಇದರಿಂದ ತಮಗೆ ತೊಂದರೆಯಾಗುವುದಾದರೆ ದಯವಿಟ್ಟು ಕ್ಷಮಿಸಿ."

ಸಭೆ ನಾಲ್ಕು ಗಂಟೆಗೆ:

ಕೊನೆಯ ವಾಕ್ಯವನ್ನು ತೆಗೆದುಹಾಕಿ. ಉಳಿದದ್ದರಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ.

ನೇರ ಮಾತು:

ಬರೆಯಲೇಬೇಕೆಂದಿದ್ದರೆ ಹೀಗೆಯೇ ಬರೆಯಬೇಕು. ನಾನಾಗಿದ್ದರೆ ಹದಿನಾಲ್ಕು ವಾರದ ಸಾಲನ್ನು ಮೊದಲು ಇಟ್ಟು, ಕಿವಿಯನ್ನು ಆಮೇಲೆ ತರುತ್ತಿದ್ದೆ.

ಹಳ್ಳದ ದಾರಿ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ನೇರ ಮಾತು ಅವರು ಹೇಳಿದಂತೆ ಸಾಲು ಬದಲಾಯಿಸಿ, ಮೇಡಂ ಹೇಳಿದಂತೆ ಕ್ಷಮೆಯನ್ನು ತೆಗೆದು ಕಳುಹಿಸಿದೆ. ನಿನ್ನೆ ಉತ್ತರ ಬಂತು. ಸಂದರ್ಶನ ಗುರುವಾರ, ಮೂವರೇ ಇರುತ್ತಾರಂತೆ, ಪ್ರಶ್ನೆಗಳನ್ನು ಪರದೆಯ ಮೇಲೆ ಬರೆದೂ ತೋರಿಸುತ್ತಾರಂತೆ. ಮರುದಿನ ಒಪ್ಪಿಗೆಯಿದ್ದರೆ ಅವರ ತಂಡದ ಜೊತೆ ಕೆರೆಗೆ ಬಂದು ಕೆಲಸ ನೋಡಬಹುದು, ವಿದ್ಯಾರ್ಥಿಗಳು ಮಾತ್ರ ಇರುತ್ತಾರೆ ಎಂದೂ ಬರೆದಿದ್ದಾರೆ. ಜೊತೆಗೆ ಒಂದು ಪ್ರಶ್ನೆ ಕೇಳಿದ್ದಾರೆ. ಕೆರೆಯ ಮಧ್ಯದ ಸ್ಯಾಂಪಲ್ಲನ್ನು ತೆಪ್ಪದಿಂದ ತೆಗೆಯುತ್ತಾರೆ, ನೀರು ಬಿದ್ದರೆ ಕಿವಿಯ ಸಾಧನ ಕೆಡುತ್ತದೆಯೇ, ಅದನ್ನು ತೆಗೆದಿಟ್ಟರೆ ಕೈಸನ್ನೆ ಸಾಕಾಗುತ್ತದೆಯೇ, ಯಾವ ಸನ್ನೆಗಳನ್ನು ಇಟ್ಟುಕೊಳ್ಳೋಣ ಎಂದು. ಇದುವರೆಗೆ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ, ಆರು ಸನ್ನೆಗಳನ್ನು ಬರೆದು ಕಳುಹಿಸಿದ್ದೇನೆ.

ನನಗೆ ಈಜು ಬರುವುದಿಲ್ಲ ಎಂಬುದನ್ನು ಮಾತ್ರ ಬರೆದಿಲ್ಲ.

ಗಾಜಿನ ಕೆಲಸ:

ಅದನ್ನು ಈಗಲೇ ಬರೆದು ಕಳುಹಿಸು ಮಗಳೇ, ಗುರುವಾರದವರೆಗೆ ಕಾಯಬೇಡ. ಲೈಫ್ ಜಾಕೆಟ್‌ನ ಪಟ್ಟಿ ಹರಿದಿದೆಯೇ ಎಂದು ನೀನೇ ಎಳೆದು ನೋಡು.